ಯುವಕೂಟ ಬೇಡವೆಂದ ಒಂಬತ್ತನೇ ತರಗತಿಯ ಹುಡುಗಿ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಊರು ಮತ್ತು ಮನೆಯ ವಿವರಗಳನ್ನು ಬದಲಿಸಲಾಗಿದೆ.)

ಕಾರವಾರ ಮತ್ತು ಅಂಕೋಲಾ ನಡುವಿನ ಹಳ್ಳಿಯೊಂದರ ಕೊಂಕಣಿ ಮಾತಾಡುವ ಕ್ಯಾಥೋಲಿಕ್ ಕುಟುಂಬ. ತಂದೆಗೆ ಗೋವಾದಲ್ಲಿ ಕೆಲಸ, ಶನಿವಾರ ರಾತ್ರಿ ಬಂದು ಸೋಮವಾರ ನಸುಕಿಗೇ ಹೊರಡುತ್ತಾರೆ. ಮಗಳಿಗೆ 14 ತುಂಬಿದೆ, ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ತರಗತಿ. ತಾಯಿಯ ಅಳಲು ಹೀಗಿತ್ತು: "ದೃಢೀಕರಣ (ನಂಬಿಕೆಯನ್ನು ಗಟ್ಟಿಗೊಳಿಸುವ ಸಂಸ್ಕಾರ) ಆಗೋವರೆಗೆ ಚೆನ್ನಾಗೇ ಇದ್ಲು ಮೇಡಂ. ಈಗ ಯೂತ್ ಅಂದ್ರೆ ಸಾಕು, ಮುಖ ಸಿಂಡರಿಸ್ತಾಳೆ. ದೇವರಿಂದ ದೂರ ಹೋಗ್ತಿದ್ದಾಳೆ ಅಂತ ಭಯ."

ತಾಯಿ ಮಗಳನ್ನು ಬೇರೆಬೇರೆಯಾಗಿ ಮಾತಾಡಿಸಿದಾಗ ಸಂಗತಿ ಬೇರೆಯೇ ಇತ್ತು. ಮಗಳು ಇಗರ್ಜಿಯ (ಚರ್ಚಿನ) ಭಾನುವಾರದ ಪೂಜೆ ತಪ್ಪಿಸಿದವಳಲ್ಲ, ಜಪಸರ ಬಿಟ್ಟವಳೂ ಅಲ್ಲ. "ಪೂಜೆ ಮುಗಿದಮೇಲೆ ಪಪ್ಪ ಮನೇಲಿರ್ತಾರೆ, ನಾನು ಸಂಜೆವರೆಗೆ ಇಗರ್ಜೀಲಿರ್ತೀನಿ. ಮತ್ತೆ ಪಪ್ಪ ಸಿಗೋದು ಮುಂದಿನ ವಾರ" ಎಂದಳು. ಅವಳನ್ನು ಸೇರಿಸಿದ್ದ ಯುವಕೂಟ ಐಸಿವೈಎಂ (ಇಂಡಿಯನ್ ಕ್ಯಾಥೋಲಿಕ್ ಯೂತ್ ಮೂವ್‌ಮೆಂಟ್) ಘಟಕ. ಅದರ ಸದಸ್ಯರು ಹೆಚ್ಚಾಗಿ ಕಾಲೇಜಿಗೆ ಹೋಗುವವರು, ಕೆಲಸಕ್ಕೆ ಸೇರಿದವರು, ಮೂವತ್ತರ ಆಸುಪಾಸಿನವರೂ ಉಂಟು. ಹಬ್ಬದ ಕಿರುನಾಟಕದ ತಾಲೀಮು ರಾತ್ರಿ ಎಂಟು ದಾಟುತ್ತಿತ್ತು, ಕೊನೆಯ ಬಸ್ಸು ಅದಕ್ಕೂ ಮೊದಲೇ ಹೋಗಿಬಿಡುತ್ತಿತ್ತು. ಯಾರದೋ ಬೈಕಿನ ಹಿಂದೆ ಕೂತು ಮನೆಗೆ ಬರಬೇಕಿತ್ತು. ತಾಯಿಗೆ ಹೇಳದೇ ಇಟ್ಟಿದ್ದ ಇನ್ನೊಂದು ವಿಷಯವನ್ನು ಅವಳು ಮೊಬೈಲ್ ತೆಗೆದು ತೋರಿಸಿದಳು. ಗುಂಪಿನ ಹಿರಿಯ ಮುಂದಾಳೊಬ್ಬ ಅವಳ ಸ್ವಂತ ನಂಬರಿಗೆ ರಾತ್ರಿ ಹನ್ನೊಂದರ ನಂತರ ಕಳಿಸಿದ ಸಂದೇಶಗಳು: "ಊಟ ಆಯ್ತಾ", "ಇವತ್ತು ಯಾಕೆ ಸಪ್ಪಗಿದ್ದೆ", "ನನ್ನ ಹತ್ರ ಏನು ಬೇಕಾದ್ರೂ ಹೇಳ್ಕೋಬಹುದು".

ಈ ಸಂದೇಶಗಳಲ್ಲಿ ಅಶ್ಲೀಲವಾದದ್ದು ಏನೂ ಇರಲಿಲ್ಲ. ಹಾಗೆಂದು ಬಿಟ್ಟುಬಿಡುವಂಥದ್ದೂ ಅಲ್ಲ. ವಯಸ್ಕರು 14ರ ಹುಡುಗಿಯ ಜೊತೆ ರಾತ್ರಿ ಗುಟ್ಟಾಗಿ ಮಾತುಕತೆ ಬೆಳೆಸುವುದು, ಅದು ಯಾವ ಸದುದ್ದೇಶದಿಂದಲೇ ಇರಲಿ, ನಿಲ್ಲಲೇಬೇಕು. ತಾಯಿಗೆ ಮೂರು ಕೆಲಸ ಹೇಳಿದೆವು. ಸಂದೇಶ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಮಗಳನ್ನು ಬೈಯಬೇಡಿ, ಮೊಬೈಲ್ ಕಿತ್ತುಕೊಳ್ಳಬೇಡಿ, ಕಿತ್ತುಕೊಂಡರೆ ಮುಂದಿನ ಸಲ ಅವಳು ಬಾಯಿ ಬಿಡುವುದಿಲ್ಲ. ಧರ್ಮಕೇಂದ್ರದ ಗುರುಗಳನ್ನು ಗಂಡ ಹೆಂಡತಿ ಇಬ್ಬರೂ ಹೋಗಿ ಕಾಣಿ, 18ರೊಳಗಿನವರಿಗೆ ಸಂದೇಶ ಹೋಗುವುದಾದರೆ ಗುಂಪಿನಲ್ಲೇ ಹೋಗಲಿ, ಆ ಗುಂಪಿನಲ್ಲಿ ತಂದೆಯೋ ತಾಯಿಯೋ ಇರಲಿ ಎಂದು ಕೇಳಿ. ಮಾತು ಲೈಂಗಿಕ ವಿಷಯಕ್ಕೆ ತಿರುಗಿದರೆ, ಫೋಟೋ ಕೇಳಿದರೆ, ಮೈ ಮುಟ್ಟಿದರೆ ಆಗ ಅದು 2012ರ ಪೋಕ್ಸೋ ಕಾಯ್ದೆಯ ವಿಷಯ. ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. "ಇಗರ್ಜಿಯ ಮಾನ, ಒಳಗೊಳಗೇ ಮುಗಿಸೋಣ" ಎನ್ನಲು ಆ ಕಾಯ್ದೆಯಲ್ಲಿ ಜಾಗವಿಲ್ಲ. ಮಕ್ಕಳ ಸಹಾಯವಾಣಿ 1098 ದಿನವಿಡೀ ಇರುತ್ತದೆ.

ಆಮೇಲೆ ಉಳಿದ ಪ್ರಶ್ನೆ, ಹಾಗಾದರೆ ಎಲ್ಲಿ ಸೇರಿಸುವುದು? ತಾಯಿಯ ಕೈಯಲ್ಲಿ ಇನ್ನೂ ಮೂರು ಹೆಸರಿದ್ದವು.

ಮೊದಲನೆಯದು ಲೀಜನ್ ಆಫ್ ಮೇರಿಯ ಕಿರಿಯರ ಘಟಕ. 1921ರಲ್ಲಿ ಡಬ್ಲಿನ್‌ನಲ್ಲಿ ಶುರುವಾದ ಈ ಸಂಘದ ಕ್ರಮ ಎಲ್ಲಿ ಹೋದರೂ ಒಂದೇ. ಮರಿಯಮ್ಮನವರ ಪ್ರತಿಮೆ, ಎರಡು ಮೇಣದಬತ್ತಿ, ಹೂವು, ಜಪಸರ, ಹಿಂದಿನ ವಾರದ ವರದಿ. ಸಭೆ ಒಂದೂವರೆ ಗಂಟೆ ಮೀರಬಾರದು, ಭೇಟಿಗೆ ಹೋಗುವುದು ಯಾವಾಗಲೂ ಇಬ್ಬಿಬ್ಬರೇ. ಅಚ್ಚುಕಟ್ಟು ಇಷ್ಟಪಡುವ, ಮುದುಕರ ಜೊತೆ, ರೋಗಿಗಳ ಜೊತೆ ಕೂತು ಮಾತಾಡಬಲ್ಲ ಹುಡುಗಿಗೆ ಇದು ಬಹಳ ಒಳ್ಳೆಯದು. ಪ್ರತಿವಾರ ಎದ್ದು ನಿಂತು ವರದಿ ಒಪ್ಪಿಸಬೇಕೆಂಬುದೇ ಕೆಲವರಿಗೆ ಹೆದರಿಕೆ. ಈಕೆಗೂ ಅದೇ ಆಯಿತು.

ಎರಡನೆಯದು ಪೇಟೆಯಲ್ಲಿ ಇಂಗ್ಲಿಷ್‌ನಲ್ಲಿ ನಡೆಯುವ ಪ್ರಾರ್ಥನಾಕೂಟ. ಕೈಗಾ ಅಣುವಿದ್ಯುತ್ ಸ್ಥಾವರ, ಸೀಬರ್ಡ್ ನೌಕಾನೆಲೆ ಕಡೆಯ ಹೊರರಾಜ್ಯದ ಕುಟುಂಬಗಳ ಮಕ್ಕಳು ಹೆಚ್ಚು. ಹಾಡು, ಗಿಟಾರ್, ಉತ್ಸಾಹ ಎಲ್ಲ ಚೆನ್ನಾಗಿದೆ. ಆದರೆ ಪ್ರಾರ್ಥನೆ ಎನ್ನುವುದು ಮನಸ್ಸಿಗೆ ಹತ್ತಿರದ ಭಾಷೆಯಲ್ಲಿ ಆಗಬೇಕು. ಕೊಂಕಣಿಯಲ್ಲಿ ದೇವರನ್ನು ಕರೆದು ಕನ್ನಡದಲ್ಲಿ ಓದುವ ಹುಡುಗಿ ಅಲ್ಲಿ ಮೂಲೆಯಲ್ಲಿ ಕೂತು, "ನನಗೆ ಭಕ್ತಿಯೇ ಇಲ್ಲವೇನೋ" ಎಂದುಕೊಳ್ಳುತ್ತಾಳೆ.

ಮೂರನೆಯದು ಶಾಲೆಯ ವೈಸಿಎಸ್ (ಯಂಗ್ ಕ್ರಿಶ್ಚಿಯನ್ ಸ್ಟೂಡೆಂಟ್ಸ್, ಕ್ರೈಸ್ತ ವಿದ್ಯಾರ್ಥಿಗಳ ಕೂಟ). ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟಮೇಲೆ ಒಂದು ಗಂಟೆ, ಎಲ್ಲರೂ ಎಂಟರಿಂದ ಹತ್ತನೇ ತರಗತಿಯವರು, ಜೊತೆಗೆ ಒಬ್ಬ ಸಿಸ್ಟರ್ ಮತ್ತು ಒಬ್ಬ ಶಿಕ್ಷಕಿ. ಬೆಲ್ಜಿಯಂನ ಗುರು ಜೋಸೆಫ್ ಕಾರ್ಡೈನ್ ಕಾರ್ಮಿಕ ಯುವಕರಿಗೆ ಕಲಿಸಿದ 'ನೋಡು, ತೀರ್ಮಾನಿಸು, ಮಾಡು' ಎಂಬ ಕ್ರಮದಲ್ಲೇ ಇವರ ಸಭೆ ನಡೆಯುತ್ತದೆ. ತಾಯಿಗೆ ಇದು "ಬರೀ ಚರ್ಚೆ, ಭಕ್ತಿ ಎಲ್ಲಿ" ಅನ್ನಿಸಿತ್ತು. ಹೋಗಿ ಒಂದು ಸಭೆ ನೋಡಿ ಬನ್ನಿ ಎಂದೆವು. ಆ ದಿನದ ವಿಷಯ ಬಸ್ ತಂಗುದಾಣದ ಕತ್ತಲೆ. ಟ್ಯೂಷನ್ ಮುಗಿಸಿ ಅಲ್ಲಿ ಎಷ್ಟು ಹುಡುಗಿಯರು ನಿಲ್ಲುತ್ತಾರೆ, ಮಳೆಗಾಲದಲ್ಲಿ ಎಷ್ಟು ಹೊತ್ತಿಗೇ ಕತ್ತಲಾಗುತ್ತದೆ ಎಂದು ಮಕ್ಕಳೇ ಬರೆದುಕೊಂಡು ಬಂದಿದ್ದರು. ಬೈಬಲಿನ ಒಳ್ಳೆಯ ಸಮಾರಿತನ ಸಾಮತಿ (ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ನೆರವಾದವನ ಕಥೆ) ಓದಿ, ನೋಡಿಯೂ ನೋಡದಂತೆ ದಾಟಿಹೋದವರಲ್ಲಿ ನಾವೂ ಇದ್ದೇವಾ ಎಂದು ಮಾತಾಡಿಕೊಂಡರು. ಕೊನೆಗೆ ದೀಪ ಹಾಕಿಸಿಕೊಡಿ ಎಂದು ಗ್ರಾಮ ಪಂಚಾಯಿತಿಗೆ ಅರ್ಜಿ ಬರೆದರು. ಅರ್ಜಿ ಬರೆದದ್ದು ಈ ಹುಡುಗಿಯೇ, ಅಕ್ಷರ ದುಂಡಗಿದೆಯೆಂದು ಉಳಿದವರು ಅವಳ ಕೈಗೆ ಪೆನ್ನು ಕೊಟ್ಟಿದ್ದರು. ತಾಯಿ ಮತ್ತೆ ಭಕ್ತಿಯ ಪ್ರಶ್ನೆ ಎತ್ತಲಿಲ್ಲ.

ನಮ್ಮ ಸಲಹೆ ಇಷ್ಟು. ಹುಡುಗಿ ಬಾಯಿಬಿಟ್ಟು ಮಾತಾಡಬಲ್ಲ, "ಬೇಡ" ಅಂದರೂ ಯಾರೂ ಮುನಿಸಿಕೊಳ್ಳದ ಗುಂಪನ್ನು ಆರಿಸಿ. ಎಷ್ಟು ಪ್ರಾರ್ಥನೆ ಹೇಳಿಸುತ್ತಾರೆ ಎಂಬುದು ಆಮೇಲಿನ ಮಾತು. ಸೇರಿಸುವ ಮೊದಲು ಎರಡು ಸಭೆ ನೋಡಬೇಕು, ಒಂದಕ್ಕೆ ಹೇಳಿ ಹೋಗಿ, ಇನ್ನೊಂದಕ್ಕೆ ಹೇಳದೆ ಹೋಗಿ. ಪೋಷಕರು ಬಂದು ಕೂರುವುದು ಬೇಡ ಎನ್ನುವ ಗುಂಪು ಬೇಡವೇ ಬೇಡ. ಸೇರಿದ ಮೇಲೆ ಆರು ವಾರ ನೋಡಿ, ನಂತರ ಮುಂದುವರಿಯುವುದೋ ಬಿಡುವುದೋ ಮಗಳೇ ಹೇಳಲಿ.

ಮೇ ತಿಂಗಳ ಶಿಬಿರ, ರಿಟ್ರೀಟ್‌ಗಳ (ಧ್ಯಾನಕೂಟಗಳ) ಬಗ್ಗೆ ತಾಯಂದಿರು ಕೇಳಬೇಕಾದದ್ದನ್ನು ಕೇಳುವುದಿಲ್ಲ, ಫಾದರ್ ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚ. ಧೈರ್ಯವಾಗಿ ಕೇಳಿ. ಹುಡುಗಿಯರು ಮಲಗುವ ಕೋಣೆಯ ಪಕ್ಕದಲ್ಲಿ ಯಾವ ಮಹಿಳೆಯರು ಇರುತ್ತಾರೆ, ಹತ್ತು ಹುಡುಗಿಯರಿಗೆ ಒಬ್ಬರಾದರೂ ಇದ್ದಾರಾ? ಮೊಬೈಲ್ ತೆಗೆದಿಟ್ಟುಕೊಂಡರೆ ಮನೆಯವರು ಯಾವ ನಂಬರಿಗೆ ಫೋನ್ ಮಾಡಬೇಕು? ಮುಟ್ಟಾದರೆ ಪ್ಯಾಡ್ ಸಿಗುತ್ತದಾ, ಎಸೆಯಲು ವ್ಯವಸ್ಥೆ ಇದೆಯಾ?

ಉಪವಾಸದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಧರ್ಮಸಭೆಯ ಕಾನೂನಿನ ಪ್ರಕಾರ ಮಾಂಸ ಬಿಡುವ ನಿಯಮ 14 ತುಂಬಿದವರಿಗೆ, ಉಪವಾಸದ ನಿಯಮ 18 ತುಂಬಿದವರಿಗೆ. ಬೆಳೆಯುವ ವಯಸ್ಸಿನ, ರಕ್ತ ಕಡಿಮೆ ಇರುವ ಹುಡುಗಿಯನ್ನು ದಿನವಿಡೀ ಉಪವಾಸ ಕೂರಿಸಿ ಅವಳು ತಲೆ ಸುತ್ತಿ ಬಿದ್ದರೆ ಅದನ್ನು ಪವಿತ್ರಾತ್ಮರ ಸ್ಪರ್ಶ ಎನ್ನುವವರಿದ್ದಾರೆ. ಅಲ್ಲಿಗೆ ಕಳಿಸಬೇಡಿ. ಪಾಪನಿವೇದನೆಯ ಗುಟ್ಟನ್ನು ಗುರುಗಳು ಪ್ರಾಣ ಹೋದರೂ ಬಿಡುವಂತಿಲ್ಲ. ಗುಂಪಿನಲ್ಲಿ ಸುತ್ತ ಕೂತು ಅಳುತ್ತಾ 'ಹಂಚಿಕೊಂಡ' ಮಾತಿಗೆ ಅಂಥ ಕಟ್ಟು ಇಲ್ಲ, ಸೋಮವಾರ ಅದು ಶಾಲೆಯಲ್ಲಿರುತ್ತದೆ. ಮನೆಯ ಜಗಳ, ಪ್ರೀತಿ ಪ್ರೇಮ, ದೇಹದ ವಿಷಯ ಅಲ್ಲಿ ಹೇಳಬೇಕಿಲ್ಲ ಎಂದು ಮಗಳಿಗೆ ಮೊದಲೇ ತಿಳಿಸಿ. ಸಿಸ್ಟರ್ ಆಗುತ್ತೇನೆಂದು ಈಗಲೇ ಮಾತು ಕೊಡು ಎಂದು ಯಾರಾದರೂ ಒತ್ತಾಯಿಸಿದರೆ, 17 ತುಂಬದವರನ್ನು ನವಶಿಷ್ಯೆಯಾಗಿ (ಸಿಸ್ಟರ್ ಆಗುವ ಮೊದಲ ತರಬೇತಿಗೆ) ಸೇರಿಸಿಕೊಂಡರೂ ಅದು ಊರ್ಜಿತವಲ್ಲ ಎಂದು ಅದೇ ಕಾನೂನು ಹೇಳುವುದನ್ನು ನೆನಪಿಸಿ.

ತಾಯಿಯ ಒಳಗಿನ ಭಯ ಬೇರೆಯೇ ಇತ್ತು. ಗಂಡ ಊರಲ್ಲಿಲ್ಲ, ಮಗಳ ಕೈಯಲ್ಲಿ ಮೊಬೈಲ್, ಯಾರ ಜೊತೆಗೋ ಓಡಾಡಿದರೆ ಏನು ಗತಿ ಎಂಬುದು. ಯುವಕೂಟ ಮಗಳನ್ನು ಕಾಯುತ್ತದೆ ಎಂದು ನಂಬಿದ್ದರು. ಆ ಭಯವನ್ನು ಮಗಳ ಎದುರೇ, ಬೈಗುಳವಿಲ್ಲದೆ ಹೇಳಿ ಎಂದೆವು, ಹೇಳಿದರು.

ಮೂವರೂ ಕೂತು ಒಪ್ಪಿಕೊಂಡದ್ದು: ಶನಿವಾರ ವೈಸಿಎಸ್. ಭಾನುವಾರ ಪೂಜೆ ಮುಗಿದಮೇಲೆ ತಂದೆಯ ಜೊತೆ. ಹತ್ತನೇ ತರಗತಿಯಲ್ಲಿ ತಪಸ್ಸು ಕಾಲದ (ಈಸ್ಟರ್‌ಗೆ ಮುಂಚಿನ ವ್ರತದ ದಿನಗಳ) ಕಾರ್ಯಕ್ರಮಗಳೂ ಎಸ್ಸೆಸ್ಸೆಲ್ಸಿ ಪರೀಕ್ಷೆಯ ತಯಾರಿಯೂ ಒಟ್ಟಿಗೇ ಬರುತ್ತವೆ, ಆ ವರ್ಷ ಶುಕ್ರವಾರದ ಶಿಲುಬೆಯ ಹಾದಿಯ ಪ್ರಾರ್ಥನೆಯೊಂದು ಸಾಕು, ನಾಟಕ ಬೇಡ. ಐಸಿವೈಎಂ ಬಗ್ಗೆ ಪಿಯುಸಿ ಸೇರಿದಮೇಲೆ, ರಾತ್ರಿ ತಾಲೀಮಿಗೆ ಹೋಗಿಬರುವ ದಾರಿ ಗೊತ್ತುಮಾಡಿಕೊಂಡು, ಅವಳೇ ಕೇಳಿದರೆ ನೋಡುವುದು.