ಶಿಶುವಿನ ಸಾವು ಯಾವ ಊರಿನ ಲೆಕ್ಕಕ್ಕೆ?

ಮಾನ್ಯರೇ,

ಶಿಶು ಮರಣ ಪ್ರಮಾಣವು, ಅಂದರೆ ಜೀವಂತ ಹುಟ್ಟಿದ ಸಾವಿರ ಮಕ್ಕಳಲ್ಲಿ ವರ್ಷ ತುಂಬುವ ಮೊದಲೇ ತೀರಿಕೊಳ್ಳುವವರ ಸಂಖ್ಯೆಯು, ಒಂದು ಪ್ರದೇಶದ ಒಟ್ಟು ಆರೋಗ್ಯದ ಅಳತೆಗೋಲು ಎಂದು ಕಳೆದ ಸಂಚಿಕೆಯಲ್ಲಿ ನಾವು ಬರೆದದ್ದನ್ನು ಓದಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ವರ್ಷ ತುಂಬದ ಕೂಸುಗಳ ಸಾವಿನಿಂದ ಇಡೀ ಜನಸಮುದಾಯದ ಆರೋಗ್ಯವನ್ನು ಅಳೆಯುವುದು ಸರಿಯೇ? ನಿಮ್ಮ ತಾಲ್ಲೂಕಿನಲ್ಲಿ ನೋಂದಣಿಯಾದ ಇಂಥ ಸಾವುಗಳು ಜಿಲ್ಲಾ ಕೇಂದ್ರಕ್ಕಿಂತ ಎಷ್ಟೋ ಕಡಿಮೆ ಇರುವಾಗ, ನಿಮ್ಮದು ಹೆಚ್ಚು ಆರೋಗ್ಯವಂತ ತಾಲ್ಲೂಕು ಎಂದುಕೊಳ್ಳಬಹುದೇ? ಎರಡನೆಯ ಪ್ರಶ್ನೆಯ ಉತ್ತರವನ್ನು ನಾವು ಆ ಲೇಖನದಲ್ಲೇ ಹೇಳಬೇಕಾಗಿತ್ತು. ಹೇಳದೆ ಬಿಟ್ಟದ್ದು ನಮ್ಮ ತಪ್ಪು.

ಬಸುರಿಯ ರಕ್ತಹೀನತೆ, ಹದಿನೆಂಟು ತುಂಬುವ ಮೊದಲೇ ಆದ ಮದುವೆ, ಕೆಟ್ಟ ನೀರು, ರಾತ್ರಿ ಹೊತ್ತು ವೈದ್ಯರಿಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರ, ಇವುಗಳ ಪೆಟ್ಟನ್ನು ದೊಡ್ಡವರ ದೇಹ ವರ್ಷಗಟ್ಟಲೆ ತಾಳಿಕೊಂಡೀತು. ಎಳೆಗೂಸಿನ ದೇಹ ತಾಳದು. ಆದ್ದರಿಂದಲೇ ಸಮಾಜದ ಕ್ಷೇಮವನ್ನು ತೋರಿಸುವ ಅತಿ ಸೂಕ್ಷ್ಮ ಸೂಚಕ ಶಿಶು ಮರಣವೇ ಎಂದು ಇಂಗ್ಲೆಂಡಿನ ವೈದ್ಯಾಧಿಕಾರಿ ಆರ್ಥರ್ ನ್ಯೂಸ್‌ಹೋಮ್ 1910ರಲ್ಲೇ ಬರೆದರು. ಆಯ್ದ ಪ್ರದೇಶಗಳಲ್ಲಿ ಜನನ ಮರಣ ಎಣಿಸಿ ಅಂದಾಜು ಮಾಡುವ ಕೇಂದ್ರ ಸರ್ಕಾರದ ಮಾದರಿ ನೋಂದಣಿ ವ್ಯವಸ್ಥೆಯ 2020ರ ವರದಿಯಂತೆ, ಜೀವಂತ ಹುಟ್ಟಿದ ಪ್ರತಿ 1000 ಮಕ್ಕಳಲ್ಲಿ ವರ್ಷ ತುಂಬುವ ಮೊದಲೇ ತೀರಿಕೊಂಡವರು ಮಧ್ಯಪ್ರದೇಶದಲ್ಲಿ 43, ಕರ್ನಾಟಕದಲ್ಲಿ 19, ಕೇರಳದಲ್ಲಿ 6. ದೇಶದ ಸರಾಸರಿ 28. ಅದರಲ್ಲಿ 20 ಸಾವುಗಳು ಮೊದಲ 28 ದಿನಗಳೊಳಗಿನವು. ಅಂದರೆ ಈ ಸಂಖ್ಯೆ ಹೆಚ್ಚಾಗಿ ಹೇಳುವುದು ಬಸುರಿ ಮತ್ತು ಬಾಣಂತಿಗೆ ಸಿಕ್ಕ, ಇಲ್ಲವೇ ಸಿಗದ, ಆರೈಕೆಯ ಕಥೆಯನ್ನು.

ಇನ್ನು ನಿಮ್ಮ ತಾಲ್ಲೂಕಿನ ವಿಷಯ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಸಾವು ಎಲ್ಲಿ ಸಂಭವಿಸಿತೋ ಅಲ್ಲಿಯೇ ನೋಂದಣಿಯಾಗುತ್ತದೆ. ದಿನ ತುಂಬದೆ ಹುಟ್ಟಿದ ಕೂಸನ್ನು, ಹೆರಿಗೆಯಲ್ಲಿ ಉಸಿರುಗಟ್ಟಿದ ಕೂಸನ್ನು ಆಂಬುಲೆನ್ಸಿನಲ್ಲಿ ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತಾರೆ. ಅಲ್ಲಿ ಅದು ಉಳಿಯದಿದ್ದರೆ ಆ ಸಾವು ಜಿಲ್ಲಾ ಕೇಂದ್ರದ ಲೆಕ್ಕಕ್ಕೆ ಸೇರುತ್ತದೆ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಹೋಗುವ ನಮ್ಮ ಪದ್ಧತಿಯಿಂದ ಲೆಕ್ಕ ಇನ್ನಷ್ಟು ಕಲಸಿಹೋಗುತ್ತದೆ. ಹೀಗಾಗಿ ಯಾವ ಊರಿನಲ್ಲಿ ಆಸ್ಪತ್ರೆ ಇದೆಯೋ ಅದು ರೋಗಿಷ್ಠವಾಗಿಯೂ, ಯಾವ ಊರಿನಲ್ಲಿ ಏನೂ ಇಲ್ಲವೋ ಅದು ಆರೋಗ್ಯವಾಗಿಯೂ ಕಾಣುತ್ತದೆ. ಇದಕ್ಕಿಂತ ಹೆಚ್ಚು ನೋವಿನ ಸಂಗತಿಯೆಂದರೆ, ಹುಟ್ಟಿದ ಎರಡು ಮೂರು ದಿನಕ್ಕೆ, ಹೆಸರಿಡುವ ಮೊದಲೇ, ಮನೆಯಲ್ಲಿ ತೀರಿಕೊಂಡ ಕೂಸಿನ ಜನನವೂ ಮರಣವೂ ದಾಖಲಾಗದೆ ಹೋಗಬಹುದು. ಉಸಿರಾಡಿ ಸತ್ತ ಕೂಸನ್ನು ಸತ್ತೇ ಹುಟ್ಟಿತೆಂದು ಬರೆದರೂ ಅದು ಈ ಲೆಕ್ಕದಿಂದ ಹೊರಗೇ ಉಳಿಯುತ್ತದೆ.

ದಾಖಲೆ ಪೂರ್ಣವಾಗಿದ್ದರೂ ಒಂದು ವರ್ಷದ ಏರಿಳಿತವನ್ನು ನಂಬಲಾಗದು. ವರ್ಷಕ್ಕೆ 2500 ಹೆರಿಗೆಯಾಗುವ ತಾಲ್ಲೂಕಿನಲ್ಲಿ ಪ್ರಮಾಣ 20 ಎಂದಿಟ್ಟುಕೊಂಡರೆ ನಿರೀಕ್ಷಿತ ಸಾವುಗಳು 50. ಪರಿಸ್ಥಿತಿಯಲ್ಲಿ ಏನೊಂದು ಬದಲಾಗದಿದ್ದರೂ ಕೇವಲ ಆಕಸ್ಮಿಕವಾಗಿ ಅದು ಒಂದು ವರ್ಷ 36ಕ್ಕೆ ಇಳಿದು ಇನ್ನೊಂದು ವರ್ಷ 64ಕ್ಕೆ ಏರಬಹುದು. ಆದ್ದರಿಂದ ಮೂರು ಅಥವಾ ಐದು ವರ್ಷಗಳನ್ನು ಒಟ್ಟುಗೂಡಿಸಿ ನೋಡುವುದೇ ಸರಿ.

ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಮೊದಲು ಮಾಡಿದ ಕೆಲಸವೂ ಎಣಿಕೆಯೇ. ಹಳ್ಳಿಹಳ್ಳಿಯ ಜನನ ಮರಣಗಳನ್ನು ಒಂದೂ ಬಿಡದಂತೆ ಬರೆಸಿ, ಆಮೇಲೆ 39 ಹಳ್ಳಿಗಳಲ್ಲಿ ಅಲ್ಲಿಯ ಮಹಿಳೆಯರಿಗೇ ಕೂಸನ್ನು ತೂಗುವುದು, ಬೆಚ್ಚಗಿಡುವುದು, ಸೋಂಕು ಗುರುತಿಸಿ ಔಷಧ ಕೊಡುವುದನ್ನು ಕಲಿಸಿದರು. 1990ರ ದಶಕ ಮುಗಿಯುವುದರೊಳಗೆ ಅಲ್ಲಿನ ನವಜಾತ ಶಿಶು ಮರಣ ಅರ್ಧಕ್ಕಿಂತಲೂ ಕೆಳಗಿಳಿಯಿತು. ಇಂದು ನಿಮ್ಮೂರಿನ ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ ಭೇಟಿ ಕೊಡುವುದರ ಹಿಂದೆ ಆ ಅನುಭವವಿದೆ.

ನಿಮ್ಮಲ್ಲಿ ಒಂದು ಕೋರಿಕೆ. ನೋಂದಣಿ ನಮೂನೆಗಳಲ್ಲಿ ತಂದೆತಾಯಿಯ ವಿಳಾಸವನ್ನೂ ಬರೆಸಿಕೊಳ್ಳುತ್ತಾರೆ. ಜಿಲ್ಲಾ ಕೇಂದ್ರದಲ್ಲಿ ದಾಖಲಾದ ಶಿಶು ಮರಣಗಳನ್ನು ತಾಯಂದಿರ ಊರಿನ ಪ್ರಕಾರ ವಿಂಗಡಿಸಿದ ಐದು ವರ್ಷಗಳ ಪಟ್ಟಿಯನ್ನು, ಯಾರ ಹೆಸರೂ ಇಲ್ಲದಂತೆ, ಲಿಖಿತ ಅರ್ಜಿ ಕೊಟ್ಟು ಕೇಳಿ. ಅದು ಸಿಕ್ಕರೆ ನಮಗೂ ಒಂದು ಪ್ರತಿ ಕಳುಹಿಸಿ. ನಿಮ್ಮ ತಾಲ್ಲೂಕಿನ ಪಾಲನ್ನು ಲೆಕ್ಕ ಹಾಕಿ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.

– ಸಂಪಾದಕ