ಕಪ್ಪು ನೀರು ಕೊಳಕು ನೀರಲ್ಲ

ಪ್ರಿಯ ಓದುಗರೇ,

ಬ್ರೆಜಿಲ್‌ನ ಅಮೆಜಾನ್ ಕಾಡಿನ ನಡುವಿರುವ ಮನಾವುಸ್ ನಗರದ ನದಿ ರಿಯೋ ನೆಗ್ರೊ ಬಗ್ಗೆ ನಾವು ಹಾಕಿದ್ದ ಚಿತ್ರಲೇಖನ ಓದಿ ಕೇಳಿದ್ದೀರಿ: ಇಷ್ಟು ಕಪ್ಪು ನೀರು ಅಂದರೆ ಕೊಳಕೇ ಅಲ್ವಾ? ಅದೇ ನದಿಯಲ್ಲಿರುವ ಅನಾವಿಲ್ಯಾನಾಸ್ ದ್ವೀಪಗಳು ರಾಷ್ಟ್ರೀಯ ಉದ್ಯಾನ ಆದ ಮೇಲೂ ಚಿಂತೆ ಯಾಕೆ? ನೋಡೋಕೆ ಯಾವಾಗ ಹೋಗಬೇಕು?

ಕಾಡಿನಲ್ಲಿ ಕೊಳೆತ ಎಲೆಗಳ ರಸ ಇಳಿದು ನೀರಿಗೆ ಆ ಬಣ್ಣ ಬಂದಿದೆ. ಬೊಗಸೆಯಲ್ಲಿ ಹಿಡಿದರೆ ಹಾಲು ಹಾಕದ ಚಹಾದ ಹಾಗೆ ಕಾಣುತ್ತದೆ. ನೀರಿಗೆ ಹುಳಿ ಗುಣ ಇರುವುದರಿಂದ ಸೊಳ್ಳೆಯೂ ಕಡಿಮೆ. ಕೊಳಕು ಇರುವುದು ಊರೊಳಗಿನ ಹಳ್ಳಗಳಲ್ಲಿ. ಅಲ್ಲಿನವರು ಇಗರಪೆ ಅನ್ನುವ ಈ ಹಳ್ಳಗಳು ಚರಂಡಿ ನೀರು, ಪ್ಲಾಸ್ಟಿಕ್ ಎಲ್ಲವನ್ನೂ ತಂದು ನದಿಗೆ ಸುರಿಯುತ್ತವೆ. ದ್ವೀಪಗಳು ನದಿ ಹರಿದು ಬರುವ ದಿಕ್ಕಿನಲ್ಲಿ, ನಗರಕ್ಕಿಂತ ಮೇಲ್ಗಡೆ ಇವೆ, ಹಾಗಾಗಿ ಈ ಕಸ ಅಲ್ಲಿಗೆ ಮುಟ್ಟುವುದಿಲ್ಲ.

ಚಿಂತೆ ಬೇರೆ ಕಡೆಯಿಂದ ಬಂದಿದೆ. ಸುಮಾರು 400 ದ್ವೀಪಗಳ ಈ ಜಾಗಕ್ಕೆ 1981ರಲ್ಲೇ ರಕ್ಷಣೆ ಸಿಕ್ಕಿತು, 2008ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಮರಗಳ್ಳರನ್ನು ತಡೆಯಲು ಅದು ಬೇಕೇ ಬೇಕಿತ್ತು. ಆದರೆ ಇಲ್ಲಿನ ಬದುಕೆಲ್ಲ ನಿಂತಿರುವುದು ನೀರಿನ ಏರಿಳಿತದ ಮೇಲೆ. ಜೂನ್ ಹೊತ್ತಿಗೆ ಕಾಡು ಮುಳುಗುತ್ತದೆ. ಇಂಥ ಕಾಡಿಗೆ ಇಗಪೊ ಅಂತ ಹೆಸರು. ಮೀನುಗಳು ಮರಗಳ ನಡುವೆ ಈಜುತ್ತಾ, ಉದುರಿದ ಹಣ್ಣು ತಿಂದು, ಬೀಜವನ್ನು ದೂರ ಒಯ್ಯುತ್ತವೆ. ಅಕ್ಟೋಬರ್ ಹೊತ್ತಿಗೆ ನೀರು ಇಳಿದು ಬಿಳಿ ಮರಳು ಏಳುತ್ತದೆ. ಮಾಮೂಲಿ ವರ್ಷದಲ್ಲೇ 10 ಮೀಟರ್ ಆಸುಪಾಸು ವ್ಯತ್ಯಾಸ!

ಮನಾವುಸ್ ಬಂದರಿನಲ್ಲಿ 1902ರಿಂದ ನದಿಯ ಮಟ್ಟ ಬರೆದಿಡುತ್ತಿದ್ದಾರೆ. 2021ರ ಜೂನ್‌ನಲ್ಲಿ 30.02 ಮೀಟರ್, ಅಲ್ಲಿವರೆಗಿನ ಅತಿ ದೊಡ್ಡ ನೆರೆ. 2023ರ ಅಕ್ಟೋಬರ್‌ನಲ್ಲಿ 12.70, ಅಲ್ಲಿವರೆಗಿನ ಅತಿ ಕಡಿಮೆ. ಮರುವರ್ಷ ಅದನ್ನೂ ಮೀರಿ 12.11ಕ್ಕೆ ಕುಸಿಯಿತು. ನಾಲ್ಕೇ ವರ್ಷದಲ್ಲಿ ಮೂರು ದಾಖಲೆ. ನನಗೆ ದಿಗಿಲಾಗುವುದು ಇಲ್ಲೇ. ತಿಂಗಳುಗಟ್ಟಲೆ ನೀರಲ್ಲಿ ನಿಂತರೂ ಸಾಯದ ಮರಗಳು ಬೆಂಕಿಯನ್ನು ತಾಳಲಾರವು. ಬರ ಜೋರಾದಾಗ ಬುಡದಲ್ಲಿರುವ ಬೇರು, ಎಲೆಗಳ ದಪ್ಪ ಹಾಸು ಒಣಗುತ್ತದೆ. ಒಮ್ಮೆ ಕಿಡಿ ಬಿದ್ದರೆ ಒಳಗೊಳಗೇ ಉರಿಯುತ್ತದೆ. ಸುಟ್ಟ ಇಗಪೊ ಮತ್ತೆ ಚಿಗುರಿ ಕಾಡಾಗುವುದು ಬಹಳ ನಿಧಾನ. ಉದ್ಯಾನದ ಗಡಿ ಎಷ್ಟೇ ಗಟ್ಟಿಯಾಗಿದ್ದರೂ ದೂರದ ಮಳೆ ಕೈಕೊಟ್ಟರೆ ಅದರಿಂದ ಏನೂ ಆಗದು. ಆ ಮಳೆಗೂ ಕಾಡೇ ಆಸರೆ, ಅದಕ್ಕೇ ಇಡೀ ಅಮೆಜಾನಿನ ಕಾಡು ಉಳಿಯಬೇಕು ಅಂತ ನಾವು ಪದೇ ಪದೇ ಬರೆಯುತ್ತಿರುವುದು.

ಇನ್ನು ಪ್ರವಾಸ. ಮರಗಳ ನಡುವೆ ದೋಣಿಯಲ್ಲಿ ಸಾಗಬೇಕೆಂದರೆ ಮೇಯಿಂದ ಜುಲೈ ಒಳಗೆ ಹೋಗಿ. ಮರಳ ದಂಡೆ ಬೇಕಿದ್ದರೆ ಸೆಪ್ಟೆಂಬರ್ ನಂತರ ಹೋಗಿ. 2011ರಲ್ಲಿ ನದಿಗೆ ಸೇತುವೆ ಆದಮೇಲೆ ದ್ವೀಪಗಳ ಎದುರಿಗಿರುವ ನೋವೊ ಐರಾವ್ ಊರಿಗೆ ಮನಾವುಸ್‌ನಿಂದ ರಸ್ತೆಯಲ್ಲೇ ಹೋಗಬಹುದು. ಅಲ್ಲಿಂದ ಮುಂದಕ್ಕೆ ಸ್ಥಳೀಯ ದೋಣಿಯವರನ್ನೇ ಗೊತ್ತು ಮಾಡಿಕೊಳ್ಳಿ.

— ಸಂಪಾದಕ