ಟ್ರ್ಯಾಪ್ ಮಾಡ್ಸಿದ್ರೆ ಕೊಟ್ಟೋರ ಮೇಲೂ ಕೇಸಾ?

ಪ್ರಶ್ನೆ: ಸಾರ್, ನಮ್ದು ಶ್ರೀನಿವಾಸಪುರ ಕಡೆ. ಮಾವಿನ ತೋಟ ಅಣ್ಣತಮ್ಮಂದಿರು ಭಾಗ ಮಾಡ್ಕೊಂಡು ಪೋಡಿಗೆ (ಅಳತೆ ಮಾಡ್ಸಿ ಭಾಗಗಳನ್ನ ದಾಖಲೆಯಲ್ಲಿ ಬೇರೆ ಮಾಡ್ಸೋಕೆ) ಅರ್ಜಿ ಹಾಕಿದ್ವಿ, ಅಳತೆಗೆ ಬಂದೋರು ನೇರವಾಗಿ ಕಾಸು ಕೇಳಿದ್ರು, ಮೊನ್ನೆ ಸ್ವಲ್ಪ ಕೊಟ್ಟೂ ಬಿಟ್ವಿ, ಈಗ ಇನ್ನೂ ಬೇಕಂತೆ. ಲೋಕಾಯುಕ್ತಕ್ಕೆ ಹೋದ್ರೆ ಕೊಟ್ಟೋರ ಮೇಲೂ ಕೇಸ್ ಹಾಕ್ತಾರಂತೆ, ನಿಜಾನಾ?

ಉತ್ತರ: ಅರ್ಧ ನಿಜ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ್ಮೇಲೆ ಲಂಚ ಕೊಡೋದೂ ಅಪರಾಧಾನೇ, ಆದ್ರೆ ಬಲವಂತಕ್ಕೆ ಕೊಟ್ಟು 7 ದಿನದೊಳಗೆ ಪೊಲೀಸರಿಗೋ ತನಿಖೆ ಮಾಡೋರಿಗೋ ತಿಳಿಸಿದ್ರೆ ನಿಮ್ಗೆ ರಕ್ಷಣೆ ಇದೆ. ಮೊನ್ನೆ ಅಂದ್ರಲ್ಲ, ಹಾಗಾದ್ರೆ ಈ ಪತ್ರಿಕೆ ಮಡಚಿಟ್ಟು ಇವತ್ತೇ ಕೋಲಾರದ ಲೋಕಾಯುಕ್ತ ಪೊಲೀಸರ ಹತ್ರ ಹೊರಡಿ. ಮೊದ್ಲೇ ಹೇಳಿ ಅವ್ರ ಜೊತೆ ಸೇರಿ ಕೊಡೋ ದುಡ್ಡಿಗಂತೂ ಕೇಸ್ ಇಲ್ಲ.

ಟ್ರ್ಯಾಪ್, ಅಂದ್ರೆ ಲಂಚ ತಗೊಳ್ಳೋವಾಗ್ಲೇ ಹಿಡಿಯೋದು, ಸಿನಿಮಾ ಏನಲ್ಲ. ನೋಟಿನ ನಂಬರ್ ಬರ್ಕೊಂಡು ಫಿನಾಫ್ಥಲೀನ್ ಪೌಡರ್ ಸವರ್ತಾರೆ, ಪಂಚರು ಅಂದ್ರೆ ಸಾಕ್ಷಿಗಳು ಜೊತೆಗಿರ್ತಾರೆ, ಆಸಾಮಿ ನೋಟು ಮುಟ್ಟಿದ್ಮೇಲೆ ಕೈನ ಸೋಡಿಯಂ ಕಾರ್ಬೊನೇಟ್ ನೀರಲ್ಲಿ ಅದ್ದಿಸಿದ್ರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ಪೇಪರ್ನೋರಿಗೆ ಅಲ್ಲಿಗೆ ಸುದ್ದಿ ಮುಗೀತು, ನಿಮ್ಗೆ ಅಲ್ಲಿಂದ ಶುರು. ಬಣ್ಣ ಬಂದ್ರೆ ಸಾಲ್ದು, ಅವ್ರೇ ಬಾಯ್ಬಿಟ್ಟು ಕೇಳಿದ್ರು ಅನ್ನೋದು ಕೋರ್ಟಲ್ಲಿ ರುಜುವಾತಾಗ್ಬೇಕು, ಅದಕ್ಕೇ ಫೋನ್ ಮಾತು ರೆಕಾರ್ಡ್ ಇದ್ರೆ ಡಿಲೀಟ್ ಮಾಡ್ಬೇಡಿ. ಕೇಸು ವಿಚಾರಣೆಗೆ ಬರೋ ಹೊತ್ಗೆ ವರ್ಷಗಳೇ ಕಳೆದಿರ್ತವೆ, ಅಷ್ಟರಲ್ಲಿ ಊರಿನ ನಾಲ್ಕು ಜನ ಮನೆಗೆ ಬಂದು ಪಾಪ ಅವ್ನಿಗೂ ಹೆಂಡ್ತಿ ಮಕ್ಕಳವ್ರೆ ಬಿಟ್ಬಿಡಪ್ಪ ಅಂತ ಕೂತ್ಕೋತಾರೆ, ದೂರು ಕೊಟ್ಟೋನೇ ನಂಗೇನೂ ಗೊತ್ತಿಲ್ಲ ಸ್ವಾಮಿ ಅಂತ ಕಟಕಟೆಯಲ್ಲಿ ತಿರುಗಿಬೀಳ್ತಾನೆ. ನನ್ ಕೇಳಿದ್ರೆ ಲಂಚದ ಕೇಸುಗಳು ಸೊರಗೋದು ಇಂಥಾ ಜಗುಲಿ ಪಂಚಾಯ್ತಿಗಳಲ್ಲೇ. 2022ರ ಡಿಸೆಂಬರಲ್ಲಿ ನೀರಜ್ ದತ್ತಾ ಕೇಸಲ್ಲಿ ಸುಪ್ರೀಂ ಕೋರ್ಟಿನ ಐದು ಜಡ್ಜ್‌ಗಳ ಪೀಠ, ದೂರುದಾರ ತಿರುಗಿಬಿದ್ರೂ ಬೇರೆ ಸಾಕ್ಷಿಯಿಂದ ರುಜುವಾತು ಮಾಡ್ಬಹುದು ಅಂದಿದೆ. ಆದ್ರೂ ನೀವು ಗಟ್ಟಿಯಾಗಿ ನಿಂತ್ರೇನೇ ಕೇಸಿಗೆ ಬಲ.

ಪ್ರಶ್ನೆ: ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಹೋಗಿ ಲೋಕಾಯುಕ್ತಕ್ಕೇ ಮತ್ತೆ ಪವರ್ ಬಂತು, ಏನ್ ಬದಲಾಯ್ತು? (ಗುಬ್ಬಿ ಓದುಗರು)

ಉತ್ತರ: 2016ರಲ್ಲಿ ಸರ್ಕಾರ ಮಾಡಿದ ಎಸಿಬಿನ ಹೈಕೋರ್ಟ್ 2022ರ ಆಗಸ್ಟಲ್ಲಿ ರದ್ದು ಮಾಡ್ತು, ತನಿಖೆ ಸರ್ಕಾರದ ಹಿಡಿತದಿಂದ ಆಚೆ ಬಂತು, ಅಷ್ಟು ಒಳ್ಳೇದೇ. ಆದ್ರೆ ಟೆಂಡರು, ಜಮೀನು ಮಂಜೂರಾತಿ ಅಂತ ಅಧಿಕಾರಿ ತಗೊಂಡ ತೀರ್ಮಾನದ ಬಗ್ಗೆ ತನಿಖೆ ಮಾಡೋಕೆ ಭ್ರಷ್ಟಾಚಾರ ತಡೆ ಕಾಯ್ದೆಯ 17ಎ ಕಲಂ ಪ್ರಕಾರ ಮೊದ್ಲೇ ಅನುಮತಿ ಬೇಕು, ಆಮೇಲೆ ಕೋರ್ಟಿಗೆ ಹೋಗೋಕೂ ಮಂಜೂರಾತಿ ಬೇಕು. ಕೈಯಲ್ಲಿ ನೋಟಿಟ್ಕೊಂಡು ಸಿಕ್ಕಿಬೀಳೋನಿಗೆ ಆ 17ಎ ಅಡ್ಡ ಬರಲ್ಲ, ಹಾಗಾಗಿ ಗುಮಾಸ್ತ ಬೇಗ ಸಿಗ್ತಾನೆ, ಫೈಲ್ ಮೇಲೆ ಸೈನ್ ಹಾಕಿ ಕೋಟಿ ನುಂಗೋನು ಸಿಗೋದು ಕಷ್ಟ.